ಮೂವತ್ತೇಳನೇ ನಂಬರಿನ ಹಾಜರಿ

ಎಲ್ಲ ಶುರುವಾದದ್ದು ಚರಿತ್ರೆ ಮೇಷ್ಟ್ರು ಚೆಂದಕ್ಕೆಂದು ಸೇರಿಸಿದ ಒಂದು ಸಾಲಿನಿಂದ.

ಹೋದ ವರ್ಷ ವಿಶ್ವವಿದ್ಯಾಲಯದವರು ನ್ಯಾಯವಾದ ಹಾಜರಿ ನಿಯಮ ಒಂದನ್ನು ಬರೆದುಕೊಡಿ ಎಂದು ಕೇಳಿದಾಗ ಉಳಿದವರೆಲ್ಲ ಮೀನಿನಂತೆ ಜಾರಿಕೊಂಡಿದ್ದರು. ಮೇಷ್ಟ್ರಿಗೆ ಒಲ್ಲೆ ಎನ್ನಲು ಬಾರದು. 'ನೋಡೋಣ' ಎಂದಿದ್ದರು. ಅವರು 'ನೋಡೋಣ' ಎಂದರೆ ಕೇಳಿದವರು ಕೆಲಸ ಆಯಿತೆಂದೇ ಎದ್ದುಹೋಗುವುದು ವಾಡಿಕೆ.

ಮೂರು ತಿಂಗಳು ಕೂತು ಬರೆದರು. ತಾಯಿಗೆ ಔಷಧ ಕುಡಿಸಿ ಓಡಿಬರುವ ಹುಡುಗಿಯನ್ನೂ ಎರಡು ಬಸ್ಸು ಬದಲಿಸಿ ಬರುವ ಹುಡುಗನನ್ನೂ ಕಣ್ಣಮುಂದಿಟ್ಟುಕೊಂಡು ಬರೆದರು. ನೂರಕ್ಕೆ ಎಪ್ಪತ್ತೈದು ಹಾಜರಿ ಬೇಕು. ಕಾಯಿಲೆ ಎಂದವರ ಮಾತನ್ನು ನಂಬಬೇಕು, ಚೀಟಿ ಕೇಳಬಾರದು. ಹತ್ತು ನಿಮಿಷಕ್ಕಿಂತ ತಡವಾದರೆ ಅರ್ಧ ಹಾಜರಿ. ಒಂದು ದಿನವೂ ತಪ್ಪದೆ ಬಂದವರಿಗೆ ಬಹುಮಾನ. ಇಷ್ಟು ಬರೆದು ಓದಿಕೊಂಡರೆ ಉಪ್ಪಿಲ್ಲದ ಊಟದ ಹಾಗೆ ಏನೋ ಕಡಿಮೆ ಎನಿಸಿತು. ಕೊನೆಗೆ ಸೇರಿಸಿದರು: 'ಕಲಿಯುವವರಿರಲಿ, ಕಲಿಸುವವರಿರಲಿ, ಈ ನಿಯಮ ಎಲ್ಲರಿಗೂ ಒಂದೇ.' ಓದಿದವರ ಕಣ್ಣು ತುಂಬಿತು. ಮೇಷ್ಟ್ರ ಕಣ್ಣೂ ತುಂಬಿತು. ಕಣ್ಣು ತುಂಬಿದಾಗ ಮುಂದಿರುವುದು ಸರಿಯಾಗಿ ಕಾಣುವುದಿಲ್ಲ.

ಮೇಷ್ಟ್ರು ಒಂಬತ್ತು ವರ್ಷದಿಂದ ಹಂಗಾಮಿ. ಪ್ರತಿ ಬೆಳಿಗ್ಗೆ ಮನೆಯ ಮೂಲೆಯಲ್ಲಿ ದೀಪ ಹಚ್ಚಿ, ಕೆಲಸ ಖಾಯಂ ಆಗಲಿ ಎಂದು ಪ್ರಾರ್ಥಿಸುತ್ತಿದ್ದರು. ಮೊದಲ ವರ್ಷ ಎರಡು ನಿಮಿಷ ಹಿಡಿಯುತ್ತಿದ್ದ ಪ್ರಾರ್ಥನೆ, ದೇವರಿಗೆ ಮರೆತಿರಬಹುದೆಂದು ಹಿಂದಿನದನ್ನೂ ನೆನಪಿಸುತ್ತ ನೆನಪಿಸುತ್ತ, ಈಗ ಅರ್ಧ ಗಂಟೆಗೆ ಬಂದು ನಿಂತಿತ್ತು. "ದೇವರಿಗೆ ಕಿವಿ ಇದೆ ಕಣ್ರೀ, ಬಸ್ಸಿಗಿಲ್ಲ," ಎಂದು ಹೆಂಡತಿ ಅಡುಗೆಮನೆಯಿಂದ ಹೇಳುತ್ತಲೇ ಇದ್ದಳು.

ಆ ದಿನವೂ ಹಾಗೇ ಆಯಿತು. ಏದುಸಿರು ಬಿಡುತ್ತ ಕಾಲೇಜಿನ ಗೇಟಿಗೆ ಬಂದಾಗ, ಕಾವಲುಗಾರ ಬೀಗದಣ್ಣ ತನ್ನ ಉದ್ದನೆಯ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಐವತ್ತು ದಾಟಿದ ಆಳು. ಸೊಂಟದಲ್ಲಿ ಬೀಗದಕೈ ಗೊಂಚಲು ಇರುತ್ತಿದ್ದುದರಿಂದ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ.

"ಬನ್ನಿ ಸಾರ್. ಇವತ್ತೂ ಪ್ರಾರ್ಥನೆ ಉದ್ದ ಆಯ್ತಾ?"

"ಇವತ್ತೇ ಕೊನೆ ಕಣಣ್ಣಾ," ಎಂದರು ಮೇಷ್ಟ್ರು.

ಹಾಗೆನ್ನಲು ಕಾರಣವಿತ್ತು. ಮಧ್ಯಾಹ್ನ ಮೂರಕ್ಕೆ ವಿಶ್ವವಿದ್ಯಾಲಯದ ಕುಲಸಚಿವರು ಬರುವವರಿದ್ದರು. ನಿಯಮದ ಪ್ರಕಾರ ಒಂದು ದಿನವೂ ತಪ್ಪದೆ ಬಂದ ವಿದ್ಯಾರ್ಥಿಗೆ ತಮ್ಮ ಕೈಯಾರೆ ಬಹುಮಾನ ಕೊಟ್ಟು, ಎಲ್ಲ ಸರಿಯಿದ್ದರೆ ಅಲ್ಲೇ ಮೇಷ್ಟ್ರ ಖಾಯಂ ಆದೇಶಕ್ಕೂ ಸಹಿ ಹಾಕುವುದಾಗಿ ಹೇಳಿಕಳಿಸಿದ್ದರು.

ಆಫೀಸಿನಲ್ಲಿ ಗುಮಾಸ್ತ ಹಾಜರಿ ಪುಸ್ತಕ ಹರವಿಕೊಂಡು ಕೂತಿದ್ದ. ಪಕ್ಕದಲ್ಲಿ ಗಣಿತದ ಮೇಡಂ. ಕರೆಯದೆಯೂ ಬರುವವರು ಅವರು, ಲೆಕ್ಕದ ವಾಸನೆ ಬಂದರೆ ಸಾಕು.

"ನಿನ್ನೆವರೆಗೆ ನೂರಾಹನ್ನೆರಡಕ್ಕೆ ನೂರಾಹನ್ನೆರಡು ಬಂದಿರೋದು ಒಬ್ಬನೇ," ಎಂದ ಗುಮಾಸ್ತ. "ಮೂವತ್ತೇಳನೇ ನಂಬರು. ಯಾರು ಸಾರ್ ಆ ಪುಣ್ಯಾತ್ಮ?"

ಮೇಷ್ಟ್ರು ಯೋಚಿಸಿದರು. ಮೂವತ್ತಾರು ನೆನಪಾದಳು, ಔಷಧದ ಹುಡುಗಿ. ಮೂವತ್ತೆಂಟು ನೆನಪಾದ, ಎರಡು ಬಸ್ಸಿನವನು. ನಡುವೆ ಒಂದು ಹಲ್ಲು ಬಿದ್ದ ಜಾಗದಂತೆ ಖಾಲಿ.

ತಪ್ಪು ಅವರ ಕನ್ನಡಕದ್ದು. ಅದನ್ನು ಹಾಕಿದರೆ ಪುಸ್ತಕ ಕಾಣುತ್ತಿತ್ತು, ತರಗತಿ ಮಂಜಾಗುತ್ತಿತ್ತು. ತೆಗೆದರೆ ತರಗತಿ ಕಾಣುತ್ತಿತ್ತು, ಪುಸ್ತಕ ಮಂಜಾಗುತ್ತಿತ್ತು. ಆದ್ದರಿಂದ ಹಾಜರಿ ಕರೆಯುವಾಗ ತಲೆ ತಗ್ಗಿಸಿ ನಂಬರು ಕೂಗಿ, ಬಂದ ಧ್ವನಿಯನ್ನು ನಂಬಿ ಗೀಟು ಹಾಕುತ್ತಿದ್ದರು. ಕಂಡದ್ದನ್ನೇ ನಂಬಬೇಕೆಂದಿದ್ದರೆ ದೇವರ ಗತಿ ಏನಾಗಬೇಕು ಎಂಬುದು ಅವರ ವಾದ.

"ಹೆಸರು ನೋಡಪ್ಪ."

ಗುಮಾಸ್ತ ಪ್ರವೇಶದ ಅರ್ಜಿ ತೆಗೆದ. ಅದರಲ್ಲಿದ್ದ ಹೆಸರನ್ನು ಮೂವರಲ್ಲಿ ಒಬ್ಬರೂ ಕೇಳಿರಲಿಲ್ಲ. ಫೋಟೋ ಉದುರಿಹೋಗಿ ಗೋಂದಿನ ಕಲೆ ಉಳಿದಿತ್ತು. ವಿಳಾಸದ ಜಾಗದಲ್ಲಿ 'ಇಲ್ಲೇ' ಎಂದಷ್ಟೇ ಇತ್ತು.

ಮೇಷ್ಟ್ರು ತರಗತಿಗೆ ಹೋಗಿ, ಈ ಸಲ ಕನ್ನಡಕ ತೆಗೆದು, ಎದೆ ಗಟ್ಟಿಮಾಡಿಕೊಂಡು ಕೂಗಿದರು. "ಮೂವತ್ತೇಳು?"

ಉತ್ತರವಿಲ್ಲ. ವರ್ಷದಲ್ಲಿ ಮೊದಲ ಸಲ ಉತ್ತರವಿಲ್ಲ. ಮುಂದಿನ ಬೆಂಚು ಹಿಂದಕ್ಕೆ ತಿರುಗಿತು, ಹಿಂದಿನದು ಮುಂದಕ್ಕೆ ಬಗ್ಗಿತು.

"ನಾವು ಅವನು ಹಿಂದುಗಡೆ ಕೂತ್ಕೋತಾನೆ ಅಂದ್ಕೊಂಡಿದ್ವಿ ಸಾರ್," ಎಂದಳು ಔಷಧದ ಹುಡುಗಿ.

"ನಾವು ಮುಂದುಗಡೆ ಅಂದ್ಕೊಂಡಿದ್ವಿ," ಎಂದ ಎರಡು ಬಸ್ಸಿನವನು. "ದಿನಾ ಧ್ವನಿ ಕೇಳಿದೀವಿ ಸಾರ್. ಮುಖ ನೋಡಿಲ್ಲ."

ಇಲ್ಲದವನಿಗೆ ವರ್ಷವೆಲ್ಲ ಹಾಜರಿ ಹಾಕಿದ ಮೇಷ್ಟ್ರನ್ನು ಖಾಯಂ ಮಾಡುವುದು ಹಾಗಿರಲಿ, ಇರುವ ಕುರ್ಚಿಯೂ ಉಳಿಯುವುದಿಲ್ಲ.

ಆಫೀಸಿಗೆ ಮರಳಿದಾಗ ಗಣಿತದ ಮೇಡಂ ದಾರಿ ಹುಡುಕಿಯೇ ಇಟ್ಟಿದ್ದರು. "ಗೊತ್ತಿಲ್ಲದ ಬೆಲೆಗೆ ನಾವು ಏನ್ಮಾಡ್ತೀವಿ? ಒಂದು ಅಕ್ಷರ ಇಟ್ಕೋತೀವಿ. ನನ್ನ ಕ್ಲಾಸಲ್ಲಿ ಒಬ್ಬ ಉದ್ದನೆ ಹುಡುಗ ಇದಾನೆ. ಮೂವತ್ತೇಳು ಅಂದ್ರೆ ಎದ್ದು ನಿಲ್ಲು ಅಂತೀನಿ. ಮುಗೀತು."

"ಅದು ಸುಳ್ಳಾಗುತ್ತಲ್ಲ ಮೇಡಂ," ಎಂದರು ಮೇಷ್ಟ್ರು. ಆಮೇಲೆ, ಅವರ ಮುಖ ಬಾಡಿದ್ದು ಕಂಡು, "ನೋಡೋಣ," ಎಂದರು.

ಮೇಡಂ ಹೋದರು. ಗುಮಾಸ್ತ ಕುರ್ಚಿ ಹತ್ತಿರ ಎಳೆದುಕೊಂಡ. "ಆ ಹುಡುಗ ಬೇಡ ಸಾರ್, ಬಾಯಿ ಬಿಟ್ರೆ ಕೆಟ್ಟ. ನನ್ನ ಭಾವಮೈದ ಇದಾನೆ. ಮದುವೆಮನೆಗೆ ಕರೆದ್ರೂ ಮಾತಾಡಲ್ಲ. ಇಸ್ತ್ರಿ ಅಂಗಿ ಹಾಕ್ಕೊಂಡು ಬಾ ಅಂತೀನಿ."

"ಬೇಡ ಕಣಯ್ಯ. ಪಾಪ. ನೋಡೋಣ."

ಗುಮಾಸ್ತನೂ ಎದ್ದುಹೋದ. ಮೇಷ್ಟ್ರು ಒಬ್ಬರೇ ಕೂತು ಕಣ್ಣುಮುಚ್ಚಿದರು. 'ಸ್ವಾಮಿ, ನಿನ್ನ ಹಾಜರಿ ಪುಸ್ತಕದಲ್ಲಿ ಹುಲ್ಲುಕಡ್ಡಿಗೂ ಒಂದು ಗೀಟಿದೆ. ಈ ಮೂವತ್ತೇಳು ಎಲ್ಲಿದ್ದರೂ ಕಳಿಸಿಕೊಡು. ಒಬ್ಬನೇ ಸಾಕು.'

ದೇವರು ಉದಾರಿ.

ಮೂರು ಗಂಟೆಗೆ ಸಭಾಂಗಣ ತುಂಬಿತ್ತು. ಕುಲಸಚಿವರು ಸಣ್ಣ ಮೈಕಟ್ಟಿನ, ಮೆಲುದನಿಯ ವೃದ್ಧರು. ಮೇಷ್ಟ್ರ ನಿಯಮವನ್ನು ಐದನೆಯ, 'ಎಲ್ಲರಿಗೂ ಒಂದೇ' ಎಂಬ ಸಾಲಿನವರೆಗೂ ಓದಿ, ಆ ಸಾಲನ್ನು ಎರಡು ಸಲ ಓದಿದರು. ಮೇಷ್ಟ್ರ ಕಡೆ ನೋಡಿ ಕೈಮುಗಿದರು. ಆಮೇಲೆ ಚೀಟಿ ನೋಡಿ ಕರೆದರು. "ಮೂವತ್ತೇಳನೇ ನಂಬರು."

ಎಡಗಡೆಯಿಂದ ಒಬ್ಬ ಉದ್ದನೆಯ ಹುಡುಗ ಎದ್ದು ನಿಂತ. ಬಲಗಡೆಯಿಂದ ಇಸ್ತ್ರಿ ಅಂಗಿಯ ಭಾವಮೈದ ಎದ್ದು ನಿಂತ. ಇಬ್ಬರೂ ಒಬ್ಬರನ್ನೊಬ್ಬರು, ಕನ್ನಡಿಯಲ್ಲಿ ಬೇರೆಯವರ ಮುಖ ಕಂಡವರಂತೆ ನೋಡಿಕೊಂಡರು. ಅಷ್ಟರಲ್ಲಿ ಬಾಗಿಲ ಕಡೆಯಿಂದ, ನೂರಾಹನ್ನೆರಡು ದಿನ ಕೇಳಿದ ಆ ಧ್ವನಿ ಬಂತು.

"ಹಾಜರ್ ಸಾರ್."

ಬೀಗದಣ್ಣ. ಹೆಗಲ ಮೇಲೆ ಎರಡು ಕುರ್ಚಿ.

"ಏನಪ್ಪಾ ಇದು?" ಎಂದರು ಕುಲಸಚಿವರು. "ಒಬ್ಬರಿಗೆ ಮೂವರಾ?"

ಮೇಷ್ಟ್ರ ಬಾಯಿ ತಾನಾಗಿ ನುಡಿಯಿತು. "ಆ ಇಬ್ಬರೂ... ಅಣ್ಣನ ಗೌರವಕ್ಕೆ ಎದ್ದು ನಿಂತ್ರು ಸಾರ್." ಗೌರವ ಸಲ್ಲಿಸಿದ ಇಬ್ಬರೂ ತಟಕ್ಕನೆ ಕೂತರು.

ಬೀಗದಣ್ಣ ಕುರ್ಚಿಗಳನ್ನಿಳಿಸಿ ವಿವರಿಸಿದ. ಹೆಂಡತಿ ತೀರಿಕೊಳ್ಳುವ ಮುಂಚೆ ಅವನನ್ನೊಂದು ಮಾತು ಕೇಳಿದ್ದಳು: ಇಷ್ಟು ವರ್ಷ ಓದೋರಿಗೆ ಬಾಗಿಲು ತೆಗೆದ್ರಿ, ನೀವು ಯಾವಾಗ ಒಳಗೆ ಹೋಗ್ತೀರಿ? ಅದಕ್ಕೇ ಫೀಸು ಕಟ್ಟಿ ಸೇರಿದ್ದ. ಗೇಟು ಬಿಟ್ಟು ಬರುವಂತಿಲ್ಲ. ಅವನ ಕೋಣೆ ತರಗತಿಯ ಕಿಟಕಿಯ ಕೆಳಗೇ ಇತ್ತು. ಅಲ್ಲಿಂದಲೇ ಪಾಠ ಕೇಳುತ್ತಿದ್ದ, ಅಲ್ಲಿಂದಲೇ ಹಾಜರಿ ಹೇಳುತ್ತಿದ್ದ. "ಇವತ್ತು ಬೆಳಿಗ್ಗೆ ಮಾತ್ರ ಇಲ್ಲಿ ಕುರ್ಚಿ ಹಾಕ್ತಿದ್ದೆ ಸಾರ್. ಕ್ಷಮಿಸ್ಬೇಕು."

ಕುಲಸಚಿವರು ಪಾಠದಿಂದ ಮೂರು ಪ್ರಶ್ನೆ ಕೇಳಿದರು. ಬೀಗದಣ್ಣ ಮೂರಕ್ಕೂ ಉತ್ತರ ಕೊಟ್ಟು, ನಾಲ್ಕನೆಯದನ್ನು ತಾನೇ ಕೇಳಿಕೊಂಡು ಅದಕ್ಕೂ ಕೊಟ್ಟ.

"ಗೋಡೆಯಾಚೆ ಇದ್ದವನೂ ಕಲಿಯೋ ಹಾಗೆ ಪಾಠ ಮಾಡಿದೀರಿ ಮೇಷ್ಟ್ರೇ," ಎಂದು ಕುಲಸಚಿವರು ಜೇಬಿನಿಂದ ಪೆನ್ನು ತೆಗೆದರು. ಖಾಯಂ ಆದೇಶದ ಹಾಳೆ ಮೇಜಿನ ಮೇಲಿತ್ತು. ಮೇಷ್ಟ್ರ ಒಂಬತ್ತು ವರ್ಷ ಆ ಪೆನ್ನಿನ ತುದಿಯಲ್ಲಿ ನಿಂತಿತ್ತು. "ಒಂದ್ನಿಮಿಷ," ಎಂದು ಕುಲಸಚಿವರು ಬೀಗದಣ್ಣನ ಕಡೆ ತಿರುಗಿದರು. "ಪಾಠಾನ ಬರ್ಕೊಂಡಿದೀಯೇನಪ್ಪಾ? ನೋಡೋ ಆಸೆ."

ಬೀಗದಣ್ಣ ಹೆಮ್ಮೆಯಿಂದ ಉದ್ದನೆಯ ಪುಸ್ತಕ ಕೊಟ್ಟ. ಕುಲಸಚಿವರು ಪುಟ ತೆರೆದು ಮೆಲುದನಿಯಲ್ಲಿ ಓದಿದರು.

"'ಹತ್ತು ಇಪ್ಪತ್ತೆರಡು, ಮೇಷ್ಟ್ರು ಗೇಟಿನೊಳಗೆ. ಪಾಠ: ರಾಜರು ಕೆಟ್ಟದ್ದು ಏಕೆ.' 'ಹತ್ತು ಹದಿನೆಂಟು, ಮೇಷ್ಟ್ರು ಗೇಟಿನೊಳಗೆ. ಪಾಠ: ಕಾಲದ ಮಹತ್ವ.'" ಪುಟ ತಿರುಗಿಸುತ್ತ ಹೋದರು. "ತರಗತಿ ಎಷ್ಟಕ್ಕೆ?"

"ಹತ್ತಕ್ಕೆ," ಎಂದರು ಮೇಷ್ಟ್ರು, ತಮಗೇ ಕೇಳಿಸದಂತೆ.

ಗಣಿತದ ಮೇಡಂ ಆಗಲೇ ಪುಸ್ತಕದ ಮೇಲೆ ಬಗ್ಗಿದ್ದರು. "ಎಂಬತ್ತು ದಿನ ತಡ. ಎಂಬತ್ತು ಅರ್ಧ, ಮೂವತ್ತೆರಡು ಪೂರ್ತಿ. ನೂರಕ್ಕೆ ಅರವತ್ತನಾಲ್ಕು ಪಾಯಿಂಟ್ ಎರಡು ಒಂಬತ್ತು."

"ಕಾಯಿಲೆ ಏನಾದ್ರೂ ಇತ್ತಾ ಮೇಷ್ಟ್ರೇ?" ಕುಲಸಚಿವರ ದನಿಯಲ್ಲಿ ನಿಜವಾದ ಕರುಣೆಯಿತ್ತು. "ಹೇಳಿ, ನಂಬ್ತೀನಿ. ಚೀಟಿ ಕೇಳಲ್ಲ. ನಿಮ್ಮದೇ ನಿಯಮ."

ಒಂದು ಸುಳ್ಳು ಸಾಕಾಗಿತ್ತು. ಆದರೆ ಬೆಳಗ್ಗೆಯೆಲ್ಲ ದೇವರ ಮುಂದೆ ಕೂತ ಬಾಯಿ. "ಪ್ರಾರ್ಥನೆ ಸಾರ್," ಎಂದರು.

"ಏನಂತ?"

"ಖಾಯಂ ಆಗ್ಲಿ ಅಂತ."

ಕುಲಸಚಿವರು ಆ ಐದನೆಯ ಸಾಲನ್ನು ಮತ್ತೊಮ್ಮೆ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು. "ಒಂದು ವರ್ಷ ಸಮಯಕ್ಕೆ ಸರಿಯಾಗಿ ಬನ್ನಿ. ಆಮೇಲೆ ನೋಡೋಣ." ಆ ಮಾತಿನ ತೂಕ ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೊರಡುವಾಗ ಕುಲಸಚಿವರು ಬೀಗದಣ್ಣನ ಬೆನ್ನು ತಟ್ಟಿ, "ನಾಳೆಯಿಂದ ಕಿಟಕಿಯಾಚೆ ಅಲ್ಲ, ಒಳಗೇ ಕೂತ್ಕೋಬೇಕು," ಎಂದು ಆಜ್ಞೆ ಮಾಡಿದರು.

ಮರುದಿನ ಮೇಷ್ಟ್ರು ದೀಪ ಹಚ್ಚಿ, "ಸ್ವಾಮಿ, ನಿನಗೆ ಎಲ್ಲ ಗೊತ್ತು," ಎಂದಷ್ಟೇ ಹೇಳಿ ಎದ್ದರು. ಹೆಂಡತಿಗೆ ನಂಬಿಕೆಯಾಗದೆ ಗಡಿಯಾರ ಅಲ್ಲಾಡಿಸಿ ನೋಡಿದಳು. ಬಸ್ಸು ಸಿಕ್ಕಿತು. ಹತ್ತು ಗಂಟೆ ಎರಡು ನಿಮಿಷಕ್ಕೆ ಗೇಟಿನ ಮುಂದೆ ನಿಂತರು. ಒಂಬತ್ತು ವರ್ಷದಲ್ಲಿ ಇಷ್ಟು ಬೇಗ ಬಂದದ್ದು ಬೆರಳೆಣಿಕೆ.

ಗೇಟಿಗೆ ಬೀಗ. ಕಾವಲಿನ ಕೋಣೆ ಖಾಲಿ.

"ಬೀಗದಣ್ಣಾ," ಎಂದು ಕಂಬಿ ಹಿಡಿದು ಕೂಗಿದರು.

ತರಗತಿಯ ಕಿಟಕಿಯಲ್ಲಿ ಬೀಗದಣ್ಣನ ಮುಖ ಕಂಡಿತು. "ಮುಂದಿನ ಬೆಂಚಲ್ಲಿ ಕೂತಿದೀನಿ ಸಾರ್. ಹತ್ತಕ್ಕೆ ಸರಿಯಾಗಿ ಬೀಗ ಹಾಕ್ಕೊಂಡು ಬಂದುಬಿಟ್ಟೆ."

"ಒಳ್ಳೇದಾಯ್ತು. ಬಂದು ತೆಗಿಯಪ್ಪ."

"ನಡುವೆ ಎದ್ದು ಬಂದ್ರೆ ನನ್ನ ಹಾಜರಿ ಅರ್ಧ ಆಗೋಗುತ್ತಲ್ಲ ಸಾರ್," ಎಂದ ಬೀಗದಣ್ಣ, ನಿಜವಾದ ಸಂಕಟದಿಂದ. "ನೂರಾಹನ್ನೆರಡು ದಿನ ಕಾಪಾಡ್ಕೊಂಡು ಬಂದಿದೀನಿ. ನೀವು ಒಂಚೂರು ಅಲ್ಲೇ ನಿಂತಿರಿ. ನಿಮ್ಮ ಪಾಠ ಮುಗಿದ ತಕ್ಷಣ ಬಂದು ತೆಗೀತೀನಿ."