ಪಟ್ಟೆ ಪೈಜಾಮದ ಮಾತುಕತೆ

ಇನ್ಸಾಫ್: ಆಗಲ್ಲ ಅಂದ್ರೆ ಆಗಲ್ಲ. ಇದು ಮಲಗೋ ಬಟ್ಟೆ ಅಂತ ಮದುವೆಯಾದಾಗಿಂದ ಬಡ್ಕೋತಿದೀನಿ. ಇವತ್ತು ಅಲ್ಲ ಅಂತ ಹೇಗ್ರೀ ಹೇಳ್ಲಿ?

ವಗ್ದಿ: ಊಟಕ್ಕೆ ಬರೋ ಬ್ರಸೆಲ್ಸಿನವ್ರ ಹತ್ರ ಒಂದೇ ಸಲ ಹೇಳೇ, ಇದು ಬೀದಿ ಉಡುಪು ಅಂತ! ಮಲಗೋ ಬಟ್ಟೆಗೆ ಯುರೋಪಿನವ್ರು ಹಾಕಿದ ಆಮದು ಮಿತಿ ಈ ವರ್ಷಕ್ಕೆ ಮುಗಿದೋಯ್ತು. ಹಡಗಿನ ತುಂಬ ಪೈಜಾಮ ಅಲೆಕ್ಸಾಂಡ್ರಿಯಾ ಬಂದರಲ್ಲಿ ನಿಂತಿದೆ. ಅದು ಹೊರಡದಿದ್ರೆ ಸಚಿವರು ನನ್ನನ್ನ ದೂರದ ಅಸ್ವಾನಿಗೆ ಎತ್ತಂಗಡಿ ಮಾಡ್ತಾರೆ.

ಇನ್ಸಾಫ್: ಅಲ್ಲಾದ್ರೂ ಪ್ಯಾಂಟು ಹಾಕ್ಕೊಂಡು ಬೀದಿಗೆ ಇಳೀತೀರಾ?

ವಗ್ದಿ ಕೈರೋದ ವಾಣಿಜ್ಯ ಸಚಿವಾಲಯದ ಸಂಧಾನಕಾರ. ಕಚೇರಿಯಲ್ಲಿ ಕತ್ತಿಗೆ ಟೈ. ಮನೆಯಿರುವ ಶುಬ್ರಾದ ಓಣಿಗೆ ಬಂದನೆಂದರೆ, ಫೂಲ್ ಕಾಳು ತರಲೂ ಕಾಫಿಯಂಗಡಿಯಲ್ಲಿ ಪಗಡೆಯಾಡಲೂ ಅದೇ ಪಟ್ಟೆ ಪೈಜಾಮ. ಆ ಪಟ್ಟೆ ಕಂಡರೆ ಇನ್ಸಾಫಳಿಗೆ ಒಲೆಯ ಮೇಲಿನ ಹಾಲಿನಂತೆ ಕೋಪ ಉಕ್ಕುತ್ತಿತ್ತು.

ಕರೆಗಂಟೆ ಮೊಳಗಿತು. ಬ್ರಸೆಲ್ಸಿನ ಸಂಧಾನಕಾರ ದೆಲ್ಕೂರ್ ಊಟಕ್ಕೆ ಬಂದಿದ್ದ.

ದೆಲ್ಕೂರ್: ಮೊಲದ ಸಾರು ಸೊಗಸಾಗಿದೆ, ಮೇಡಂ. ಒಂದು ಮಾತು. ಪೈಜಾಮ ಬೀದೀಲಿ ತೊಡೋ ಉಡುಪು ಅಂತಾರೆ ನಿಮ್ಮ ಯಜಮಾನರು. ಹೌದಾ?

ಪಟ್ಟೆ ಪೈಜಾಮದಲ್ಲೇ ಕೂತಿದ್ದ ಗಂಡನ ಚಮಚ ಗಾಳಿಯಲ್ಲೇ ನಿಂತಿತ್ತು. ಅವನ ಮುಖ ನೋಡಿ ಇನ್ಸಾಫಳ ಮನಸ್ಸು ಕರಗಿತು.

ಇನ್ಸಾಫ್: ಹೌದು, ಮೊಸ್ಯೂ. ಎಲ್ಲಿಗೆ ಹೋದ್ರೂ ಇದೇ. ನಮ್ಮಣ್ಣನ ನಿಶ್ಚಿತಾರ್ಥಕ್ಕೂ ಇದ್ರಲ್ಲೇ ಬಂದಿದ್ರು.

ವಗ್ದಿ: (ಮೆಲ್ಲಗೆ) ಅಷ್ಟೊಂದು ಬೇಡ ಕಣೇ...

ದೆಲ್ಕೂರ್: ನಿಶ್ಚಿತಾರ್ಥಕ್ಕೂ? ಹಾಗಾದ್ರೆ ಇದು ಸೂಟು! ಮೇಲಿನ ಅಂಗಿಗೂ ಕೆಳಗಿನ ಪ್ಯಾಂಟಿಗೂ ಒಂದೇ ಬಟ್ಟೆ ನೋಡಿ. ಸೂಟಿನ ಮಿತಿ ಇನ್ನೂ ಚಿಕ್ಕದು, ಅದೂ ಮುಗಿದಿದೆ. ಛೆ, ಮಲಗೋ ಬಟ್ಟೆ ಆಗಿದ್ರೆ ಮುಂದಿನ ವರ್ಷದ ಮಿತಿಯಿಂದ ಈಗಲೇ ಒಂದು ಪಾಲು ಬಿಟ್ಟುಕೊಡೋ ಅಧಿಕಾರ ತಂದಿದ್ದೆ.

ವಗ್ದಿ: ಮಲಗೋ ಬಟ್ಟೇನೇ! ಇವಳು ಸುಳ್ಳು ಹೇಳ್ತಿದಾಳೆ!

ದೆಲ್ಕೂರ್: ಬೆಳಿಗ್ಗೆ ತಾನೆ ಬೀದಿ ಉಡುಪು ಅಂತ ಮೇಜು ಗುದ್ದಿದ್ರಿ. ಈಗ ಹೇಗೆ ನಂಬಲಿ?

ಇನ್ಸಾಫ್: ನಂಬಬೇಡಿ, ಇವ್ರ ಕೈಲಿ ಬರೆಸ್ಕೊಳ್ಳಿ. ಈ ಬಟ್ಟೇಲಿ ಹೊಸಿಲು ದಾಟಲ್ಲ ಅಂತ.

ವಗ್ದಿ: ಪಗಡೆ ಗೆಳೆಯರು ನಗ್ತಾರೆ ಕಣೇ!

ಇನ್ಸಾಫ್: ಅಸ್ವಾನಲ್ಲಿ ಹೊಸ ಗೆಳೆಯರು ಸಿಕ್ತಾರೆ ಬಿಡಿ.

ವಗ್ದಿ ಲೇಖನಿಗೆ ಕೈ ಚಾಚಿದ.

ದೆಲ್ಕೂರ್: ಇಂಥ ಒಪ್ಪಂದ ಸಾಮಾನ್ಯವಾಗಿ ಐದು ವರ್ಷಕ್ಕೆ. ಸಾಕಾ, ಮೇಡಂ?

ಇನ್ಸಾಫ್: ಸಾಕು, ಮೊಸ್ಯೂ. ಆಮೇಲೆ ಬನಿಯನ್ನಿನ ಮಾತುಕತೆಗೆ ಬನ್ನಿ. ಇವರು ಬಾಲ್ಕನಿಗೆ ಬರೋದು ಅದ್ರಲ್ಲಿ.