ಬ್ಯಾಂಡಿನ ಮೌಲಾ ಮತ್ತು ನನ್ನ ಅಪ್ಪೆಹುಳಿ

ಚೇತನ, ಸ್ಮಿತಾ, ಮೊನ್ನೆ ಊಟಕ್ಕೆ ಕುಳಿತಾಗ ನೀವಿಬ್ಬರೂ ಜಗಳವಾಡಿದ್ದು ನನಗೆ ಕೇಳಿಸಿತು. ನನ್ನ ಕಿವಿ ಮಂದ ಎಂದು ಹೇಳಿಕೊಳ್ಳುವುದು ಬೇಡದ ಮಾತಿಗೆ ಉತ್ತರ ಕೊಡುವುದನ್ನು ತಪ್ಪಿಸಿಕೊಳ್ಳಲು ಮಾತ್ರ. ಯಾವನೋ ಪರದೇಶದ ಗಿಟಾರಿನವನು ಸತ್ತನಂತೆ. ಸತ್ತಿಲ್ಲ, ಎಲ್ಲೋ ಅಡಗಿದ್ದಾನೆ ಎಂದು ಚೇತನ. ಇಲ್ಲ, ಯಾರೋ ವಿಷ ಹಾಕಿದರು ಎಂದು ಸ್ಮಿತಾ. ಅನ್ನ ಆರಿ ಕಲ್ಲಾದರೂ ನಿಮ್ಮ ವಾದ ಮುಗಿಯಲಿಲ್ಲ. ನಾನು ಬಾಯಿ ಬಿಡಲಿಲ್ಲ. ಎದುರಿಗೆ ಇಬ್ಬರು ಕುಳಿತು ನನ್ನ ಮುಖ ನೋಡಿದರೆ ನನಗೆ ಈಗಲೂ ನಾಲಿಗೆ ಒಣಗುತ್ತದೆ, ಅವರು ನನ್ನ ಮೊಮ್ಮಕ್ಕಳೇ ಆದರೂ ಅಷ್ಟೆ. ದಾಸನಕೊಪ್ಪದ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆದು ಹೇಳುತ್ತಿದ್ದೇನೆ. ಇಂಥ ಸಾವಿನ ಕಥೆಗಳು ಹೇಗೆ ಹುಟ್ಟುತ್ತವೆ ಎಂಬುದು ನಿಮಗಿಂತ ನನಗೇ ಚೆನ್ನಾಗಿ ಗೊತ್ತು. ಒಮ್ಮೆ ಅಂಥದೊಂದು ಕಥೆಯಲ್ಲಿ ವಿಷ ಹಾಕಿದವಳು ನಾನೇ ಆಗಿದ್ದೆ.

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಿಮ್ಮ ಅಜ್ಜ ಶಿರಸಿ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು, ಅದರ ಹಿಂದೆಯೇ ನಮ್ಮ ಮನೆ. ಮದುವೆಗಳಲ್ಲಿ ಬಾರಿಸುವ ಬ್ಯಾಂಡಿನವರ ಕೆಂಪು ಕೋಟುಗಳನ್ನು ಹೊಲಿಯುವವರು ಅವರೇ. ಆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವನು ಮೌಲಾ. ನಿಮ್ಮ ಗಿಟಾರಿನವನನ್ನು ನಾನು ನೋಡಿಲ್ಲ, ಆದರೆ ಮೌಲಾನ ಮುಂದೆ ಅವನು ಎಷ್ಟರವನಾಗಿದ್ದಾನು ಎಂದು ನನಗೆ ಸಂಶಯ. ಹಣೆಯ ಮೇಲೆ ಕೂದಲನ್ನು ಗೋಪುರದ ಹಾಗೆ ಎತ್ತಿ ಬಾಚಿ, ಕಣ್ಣು ಮುಚ್ಚಿ ಸಿನಿಮಾ ಹಾಡು ಊದಿದನೆಂದರೆ ಮೆರವಣಿಗೆಯಲ್ಲಿ ಮದುಮಗನನ್ನು ನೋಡುವವರೇ ಇರುತ್ತಿರಲಿಲ್ಲ. ಒಬ್ಬ ಮದುಮಗ ಸಿಟ್ಟಾಗಿ ಕುದುರೆಯಿಂದ ಇಳಿದೇಬಿಟ್ಟಿದ್ದನಂತೆ. ನಾನು ನೋಡಿಲ್ಲ. ನಾನು ಕಿಟಕಿಯ ಸಂದಿಯಿಂದ ನೋಡುತ್ತಿದ್ದವಳು, ಕುದುರೆ ಅಲ್ಲಿಗೆ ಕಾಣುತ್ತಿರಲಿಲ್ಲ.

ಒಂದು ವೈಶಾಖದ ಬೆಳಿಗ್ಗೆ ಯಲ್ಲಾಪುರದ ಮದುವೆಗೆ ಹೊರಟವನು ಹೊಸ ಕೋಟು ಒಯ್ಯಲು ಬಂದ. ತೊಟ್ಟು ನೋಡಿದರೆ ಸಡಿಲ. "ಏನ್ ಮಾಸ್ತರ, ನನಗ ಹೊಲದ್ರೋ, ಡೋಲಿಗೆ ಗವಸು ಹೊಲದ್ರೋ?" ಎಂದು ನಕ್ಕ. ಅಜ್ಜನಿಗೆ ಅವಮಾನವಾಯಿತು. "ನನ್ನ ಟೇಪ್ ಸುಳ್ಳ ಹೇಳಂಗಿಲ್ಲ, ನೀನೇ ಇಳದೀಯಪ" ಎಂದರು. ಹೊಲಿಗೆ ಒಳಗೆ ಹಿಡಿಯುವಷ್ಟು ಹೊತ್ತು ಅವನು ಕಟ್ಟೆಯ ಮೇಲೆ ಕುಳಿತ. ಬಿಸಿಲು ಜೋರಾಗಿತ್ತು. ನಾನು ಒಂದು ಲೋಟ ಅಪ್ಪೆಹುಳಿ ಕೊಟ್ಟೆ. ಪರಿಮಳದ ಮಾವಿನಮಿಡಿಯ ಹುಳಿಗೆ ಇಂಗಿನ ಒಗ್ಗರಣೆ ಹಾಕಿದ ಆ ನೀರನ್ನು ಮಾಡುವುದು ನಮ್ಮ ಕಡೆಯ ಪದ್ಧತಿಯಲ್ಲ. ಪಕ್ಕದ ಮನೆಯ ಹವ್ಯಕರ ಗಂಗಕ್ಕ ಕಲಿಸಿಕೊಟ್ಟಿದ್ದರು. ಅದನ್ನು ಕುಡಿದರೆ ನಿದ್ದೆ ಬರುತ್ತದೆ ಎಂಬುದು ಇಡೀ ಶಿರಸಿಗೆ ಗೊತ್ತು. ಮೌಲಾನೂ ಲಾರಿ ಹತ್ತಿ ಯಲ್ಲಾಪುರದವರೆಗೆ ನಿದ್ದೆ ಹೋದ. ಮೆರವಣಿಗೆಯಲ್ಲಿ ಚೆನ್ನಾಗಿಯೇ ಊದಿದ. ಆಮೇಲೆ ಅಲ್ಲೇ ಸೋದರಮಾವನ ಮನೆಯಲ್ಲಿ ಮಲಗಿದವನು ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ಅವನ ತಾಯಿ ಅಮೀನಾಬಿ ಸಿಕ್ಕಿದ ಲಾರಿ ಹತ್ತಿ ಹೋದರು. ಬೇಸಗೆಯ ದಿನ, ಅಲ್ಲೇ ಮಣ್ಣು ಮಾಡಿದರು. ಶಿರಸಿಯಲ್ಲಿ ಬೇರೆ ಯಾರೂ ಅವನ ಮುಖ ನೋಡಲಿಲ್ಲ. ಮುಖ ನೋಡದ ಸಾವನ್ನು ಊರು ಒಪ್ಪುತ್ತದೆಯೇ?

ಹುಬ್ಬಳ್ಳಿಯ ಬ್ಯಾಂಡಿನವರು ಹೊಟ್ಟೆಕಿಚ್ಚಿಗೆ ಸಿಂಧೂರ ತಿನ್ನಿಸಿದರು ಎಂಬುದು ಮೊದಲು ಹುಟ್ಟಿದ ಮಾತು. "ಸಿಂಧೂರ ತಿಂದ್ರ ಕಂಠ ಹೋಗತೈತಿ ಅಂತಾರ. ಇವ ಊದಾಂವ, ಇವಗ ಕಂಠ ಯಾಕ ಬೇಕು?" ಎಂದು ಅಜ್ಜ ಕೇಳಿದರೆ, ಅಂಗಡಿಯಲ್ಲಿ ಕುಳಿತವರು "ಹಂಗಾರ ತುಟಿಗೆ ಸವರ್ಯಾರ" ಎಂದರು. ಹೊಳೆ ದಾಟುವಲ್ಲಿ ಮೋಹಿನಿ ಅವನ ಹಾಡಿಗೆ ಮರುಳಾದಳು ಎಂದು ಕೆಲವರು. ಸತ್ತೇ ಇಲ್ಲ, ಮುಂಬಯಿಯಲ್ಲಿ ಗಡ್ಡ ಬಿಟ್ಟು ಸಿನಿಮಾದವರಿಗೆ ಊದುತ್ತಿದ್ದಾನೆ, ಕಣ್ಣಾರೆ ಕಂಡವರಿದ್ದಾರೆ ಎಂದು ಇನ್ನು ಕೆಲವರು. ನಾನೂ ಒಲೆಯ ಮುಂದೆ ಕುಳಿತು ಇವನ್ನೆಲ್ಲ ಖುಷಿಯಿಂದ ಕೇಳಿದವಳೇ. ನನಗೆ ಮೋಹಿನಿಯ ಕಥೆ ಹೆಚ್ಚು ಹಿಡಿಸಿತ್ತು.

ಅಷ್ಟರಲ್ಲಿ ಡೋಲಿನವನು ನೆನಪು ಮಾಡಿಕೊಂಡ: "ಟೇಲರ್ ಮನ್ಯಾಗ ಏನೋ ಕುಡದು ಬಂದ, ಲಾರ್‍ಯಾಗ ಕಣ್ಣ ತೆಗೀಲಿಲ್ಲ." ಮುಗಿಯಿತು. ನಮ್ಮ ಸೀಮೆಯಲ್ಲಿ 'ಮದ್ದು ಹಾಕುವುದು' ಎಂದು ಒಂದಿದೆ. ಕೆಲವು ಮನೆಯ ಹೆಂಗಸರು ಉಣ್ಣುವುದರಲ್ಲಿ ಏನೋ ಬೆರೆಸುತ್ತಾರೆ, ತಿಂದವನು ಕೊರಗಿ ಸಾಯುತ್ತಾನೆ ಎಂಬ ನಂಬಿಕೆ. ಒಮ್ಮೆ ಮದ್ದಿನ ಮನೆ ಎಂದು ಹೆಸರು ಬಿದ್ದರೆ ಆ ಮನೆಯ ನೀರು ಯಾರೂ ಮುಟ್ಟುವುದಿಲ್ಲ, ಅಲ್ಲಿಗೆ ಹೆಣ್ಣು ಕೊಡುವುದಿಲ್ಲ, ಅಲ್ಲಿಂದ ತರುವುದೂ ಇಲ್ಲ. ನಿಮ್ಮ ಅಪ್ಪನಿಗೆ ಆಗ ಎರಡು ವರ್ಷ. ನಾಗರ ಪಂಚಮಿಗೆ ನಾನು ನೆರೆಯವರಿಗೆಲ್ಲ ಉಂಡಿ ಕಳಿಸಿದೆ. ತಟ್ಟೆಯನ್ನು ಬರಿದಾಗಿ ಮರಳಿಸಬಾರದು ಎಂದು ಕಾಳೋ ಸಕ್ಕರೆಯೋ ಹಾಕಿ ಕೊಡುವುದು ಪದ್ಧತಿ. ನನ್ನ ತಟ್ಟೆಗಳು ಬರಿದಾಗಿ ಬರಲಿಲ್ಲ, ನನ್ನ ಉಂಡಿಗಳನ್ನೇ ಹೊತ್ತುಕೊಂಡು ಬಂದವು. ಅಜ್ಜ ಅವನ್ನು ಒಂದೊಂದಾಗಿ ತಿಂದರು. ಅಷ್ಟು ಉಂಡಿ ತಿಂದರೆ ಮದ್ದಿಲ್ಲದೆಯೂ ಮನುಷ್ಯ ಹೋಗಬಹುದಿತ್ತು. ಗಂಗಕ್ಕ ಬೇಲಿಯ ಆಚೆಯಿಂದಲೇ, "ಆನು ಹೇಳಿದ್ದಲ್ಲ ಮಾರಾಯ್ತಿ, ಊರವ್ರು ಹೇಳ್ತ" ಎಂದರು. ಅಪ್ಪೆಹುಳಿ ಕಲಿಸಿದ್ದು ತಾವು ಎಂಬುದನ್ನು ಮಾತ್ರ ಎಲ್ಲಿಯೂ ಹೇಳಲಿಲ್ಲ. ನಾನು ರಾತ್ರಿಯೆಲ್ಲ ಮಗನ ಮುಖ ನೋಡುತ್ತಾ, ದೊಡ್ಡವನಾದ ಮೇಲೆ ಇವನಿಗೆ ಯಾರು ಹೆಣ್ಣು ಕೊಟ್ಟಾರು ಎಂದು ಅಳುತ್ತಿದ್ದೆ.

ಒಂದು ಸಂತೆಯ ದಿನ, ಬೀದಿ ತುಂಬ ಜನರಿರುವಾಗ, ಅಮೀನಾಬಿ ನೇರವಾಗಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಶಾಪ ಹಾಕಲು ಬಂದರು ಎಂದುಕೊಂಡೆ.

"ಬೇಟಿ, ನನ್ನ ಮಗಗ ಕೊಟ್ಟಿದ್ದಿಯಲ್ಲ, ಅದ ಐತೇನು?"

"ಐತ್ರಿ," ಎಂದೆ.

"ನನಗೂ ಒಂದ ಲೋಟ ಕೊಡು."

ಉಪ್ಪಿನಲ್ಲಿಟ್ಟ ಮಿಡಿ ತೆಗೆದು ಹಿಚುಕಿ, ಒಗ್ಗರಣೆ ಹಾಕಿ ತಂದೆ. ಬೀದಿ ನಿಂತು ನೋಡುತ್ತಿತ್ತು. ಆಕೆ ಅವಸರ ಮಾಡದೆ ಪೂರ್ತಿ ಕುಡಿದು ಲೋಟ ಇಟ್ಟರು. ಆಮೇಲೆ ನನಗಲ್ಲ, ಬೀದಿಗೆ ಹೇಳಿದರು: "ಕೇಳ್ರಿ ಎಲ್ಲಾರೂ. ನನ್ನ ಮಗಗ ಯಾರೂ ಏನೂ ಹಾಕಿಲ್ಲ. ಅವಗ ಎದಿ ಬ್ಯಾನಿ ಇತ್ತು, ಕ್ಷಯ. ಊದೂದು ಬಿಡು ಅಂತ ಡಾಕ್ಟರ್ ಹೇಳಿದ್ರು. ಬಿಟ್ಟರ ನಾ ಮೌಲಾ ಹೆಂಗಾಗ್ತೀನಿ ಅಮ್ಮಾ ಅಂದ. ಯಲ್ಲಾಪುರದಾಗ ರಕ್ತದ ಬಟ್ಟಿ ಒಗದಾಕಿ ನಾನ."

ಆ ಹೊತ್ತಿಗೆ ನಾನು ಆಕೆಯ ಕಾಲಿಗೆ ಬೀಳಬೇಕಿತ್ತು, ಕೈಯನ್ನಾದರೂ ಹಿಡಿಯಬೇಕಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಉಪ್ಪ ಸರಿ ಐತೇನ್ರಿ?"

"ಸ್ವಲ್ಪ ಕಮ್ಮಿ," ಎಂದರು ಅಮೀನಾಬಿ.

ಬೇಲಿಯಾಚೆಯಿಂದ ಗಂಗಕ್ಕನ ಧ್ವನಿ ಬಂತು: "ನಂಗೂ ಒಂದು ಲೋಟ ಹಾಕು ಮಾರಾಯ್ತಿ! ಕಲಿಸಿದ್ದು ಆನೇ ಅಲ್ದಾ?"

ಅಮೀನಾಬಿ ಕ್ಷಯದ ವಿಷಯವನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಅಂದು ನನಗೆ ಹೊಳೆಯಲಿಲ್ಲ. ಅವರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಕ್ಷಯದ ಮನೆಯ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ? ಸಿಂಧೂರ, ಮೋಹಿನಿ, ಮುಂಬಯಿ, ಎಲ್ಲ ಕಥೆಗಳೂ ಆ ತಾಯಿಗೆ ಆಸರೆಯೇ ಆಗಿದ್ದವು. ಕಥೆ ನನ್ನ ಬಾಗಿಲಿಗೆ ಬಂದು ನಿಂತಾಗ ಆಕೆಯೇ ಅದನ್ನು ಮುರಿದರು. ಮುಂಡಗೋಡದಿಂದ ಬಂದಿದ್ದ ಸಂಬಂಧ ಆ ವಾರವೇ ತಪ್ಪಿತಂತೆ. ಕೆಲವು ವರ್ಷ ಕಳೆದು ಹುಡುಗಿಗೆ ಯಲ್ಲಾಪುರದ ಒಬ್ಬ ಲಾರಿ ಚಾಲಕನೊಡನೆ ಮದುವೆಯಾಯಿತು. ಒಳ್ಳೆಯ ಮನುಷ್ಯ. ಆ ಸುದ್ದಿ ಕೇಳಿದ ದಿನವೇ ನಾನು ನೆಮ್ಮದಿಯಿಂದ ನಿದ್ದೆ ಮಾಡಿದ್ದು, ಅದೂ ಅಪ್ಪೆಹುಳಿ ಇಲ್ಲದೆ.

ಊರು ಪೂರ್ತಿ ನಂಬಿತೆಂದು ತಿಳಿಯಬೇಡಿ. ಕ್ಷಯದಲ್ಲಿ ಏನು ಸ್ವಾರಸ್ಯವಿದೆ? ಆದರೆ ನಮ್ಮ ಮನೆಯ ನೀರು ಮತ್ತೆ ಎಲ್ಲರಿಗೂ ರುಚಿಯಾಯಿತು. ನಿಮ್ಮ ಅಪ್ಪನಿಗೆ ಹೆಣ್ಣು ಸಿಕ್ಕಿತು, ನೀವು ಹುಟ್ಟಿದಿರಿ. ಅಮೀನಾಬಿ ಮುಂದೆ ಎಷ್ಟೋ ಸಲ ಅದೇ ಕಟ್ಟೆಗೆ ಬಂದು ಕುಳಿತರು. ಪ್ರತಿ ಸಲವೂ ಉಪಕಾರದ ಮಾತು ಆಡಬೇಕೆಂದು ಒಳಗೆ ನಿಂತು ಕಲಿತುಕೊಂಡು ಬರುತ್ತಿದ್ದೆ. ಹೊರಗೆ ಬಂದ ಕೂಡಲೇ ಮಳೆ, ಬಿಸಿಲು, ಮೆಣಸಿನಕಾಯಿ ಎಂದು ಏನೇನೋ ಹೇಳಿ ಒಳಗೆ ಓಡುತ್ತಿದ್ದೆ. ಆಕೆ ಹೋಗಿ ಬಹಳ ಕಾಲವಾಯಿತು. ಮೌಲಾನ ಬಗೆಗಿನ ಸುಳ್ಳುಗಳೆಲ್ಲ ಪೇಟೆಯ ಮುದುಕರಿಗೆ ಇವತ್ತಿಗೂ ನೆನಪಿವೆ, ಆಕೆ ಹೇಳಿದ ಒಂದು ನಿಜ ಯಾರಿಗೂ ನೆನಪಿಲ್ಲ. ಅದು ಈಗ ಈ ನಾಲ್ಕು ಹಾಳೆಗಳಲ್ಲಿ ಮಾತ್ರ ಇದೆ, ಅದೂ ನನ್ನ ಕಾಗುಣಿತದಲ್ಲಿ. ತಪ್ಪು ತಿದ್ದಿದರೆ ತಿದ್ದಿ, ನಕ್ಕರೆ ನಗಿ, ಹಾಳೆ ಮಾತ್ರ ಕಳೆಯಬೇಡಿ, ಮಕ್ಕಳೇ. ಎದುರಿಗಿದ್ದಾಗ ಬಾಯಿ ಬಾರದವಳು ನಾನು. ನನ್ನ ಬದಲು ನೀವಾದರೂ ಆಕೆಯ ಹೆಸರನ್ನು ಗಟ್ಟಿಯಾಗಿ ಓದಿ.