ಕಾಕಾ, ಕಂಪ್ಯೂಟರು ಮತ್ತು ತಪ್ಪಿದ ಪತ್ತಾ

ಅಂತರ್ಜಾಲ ಹುಟ್ಟಿದ್ದು ವಾಡಿ ಜಂಕ್ಷನ್ನಿನಲ್ಲಿ! ಹೀಗೆಂದು ನಾನು ಹೇಳುತ್ತಿಲ್ಲ, ನಮ್ಮ ಕಾಕಾ ಹೇಳುತ್ತಾರೆ. ನಾನು ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕಳೆದು ಬಂದವನು. ಪುರಾವೆ ಇಲ್ಲದೆ ಸೂರ್ಯ ಮೂಡಿದ್ದನ್ನೂ ನಂಬುವವನಲ್ಲ. ಆದರೆ ಕಾಕಾನ ಎದುರು ಪುರಾವೆ ಕೇಳುವುದು ಹೇಗೆ? ಕೇಳಿದರೆ ಮೊದಲಿನಿಂದ ಶುರುಮಾಡುತ್ತಾರೆ!

ಕಾಕಾ ಮೂವತ್ತು ವರ್ಷ ವಾಡಿ ಹಾಯುವ ರೈಲಿನ ಟಪಾಲು ಡಬ್ಬಿಯಲ್ಲಿ ನಿಂತು ಪತ್ರ ವಿಂಗಡಿಸಿದವರು. ಗೋಡೆಯ ತುಂಬ ಸಣ್ಣ ಸಣ್ಣ ಗೂಡುಗಳು, ಊರಿಗೊಂದು ಗೂಡು. ಪತ್ತಾ, ಅಂದರೆ ವಿಳಾಸ, ಓದಿ ಎಸೆದರೆ ರೈಲು ತೂಗುತ್ತಿದ್ದರೂ ಲಕೋಟೆ ಗುರಿ ತಪ್ಪುತ್ತಿರಲಿಲ್ಲವಂತೆ. ನಿವೃತ್ತರಾಗಿ ಶಹಾಬಾದಿನ ಮನೆಯಲ್ಲಿ ಕುಳಿತ ಮೇಲೂ ಬೆರಳು ಸುಮ್ಮನಿರಬೇಕಲ್ಲ! ಹುರಿದ ಶೇಂಗಾ ಮುಂದಿಟ್ಟರೆ ಸೇಡಂ, ಚಿತ್ತಾಪುರ, ಚಿಂಚೋಳಿ ಎಂದು ಮೂರು ಗುಂಪು ಮಾಡುತ್ತಾರೆ. ಒಮ್ಮೆ ನಾನು ಅರಿಯದೆ ಒಂದು ಕಾಳು ಬಾಯಿಗೆ ಹಾಕಿಕೊಂಡೆ.

"ಲೇ, ಅದು ಕೊಡ್ಲಿ ಊರಿನ ಪತ್ರ! ಚಿಂಚೋಳಿ ಮ್ಯಾಲೆ ಹೊಂಟಿತ್ತು. ಈಗ ಆ ಮಂದಿಗೆ ಏನಂತ ಹೇಳ್ಲಿ?"

ಇಂಥವರ ಕೈಗೆ ಕಂಪ್ಯೂಟರು ಸಿಕ್ಕಿತು. ಸಿಕ್ಕಿತೇನು, ನಾನೇ ತಂದುಕೊಟ್ಟೆ. ಬ್ರೌಸರಿನಲ್ಲಿ ಮೊದಲ ಸಲ 'ಈ ತಾಣವನ್ನು ತಲುಪಲಾಗುತ್ತಿಲ್ಲ, ಡಿಎನ್‌ಎಸ್ ದೋಷ' ಎಂದು ಬಂದಾಗ ನಾನು ಗಂಭೀರವಾಗಿ ವಿವರಿಸಲು ಹೊರಟೆ. ಅವರು ನನ್ನನ್ನು ಅರ್ಧಕ್ಕೇ ನಿಲ್ಲಿಸಿದರು.

"ತಿಳೀತು ಬಿಡೋ. ಇದಕ್ಕ ಹೆಸರು ಗೊತ್ತದ, ಪತ್ತಾ ಗೊತ್ತಿಲ್ಲ. ಪತ್ತಾ ಬಲ್ಲವರಿಗೆ ಕೇಳಲಿಕ್ಕ ಹೋಗ್ಯಾದ. ಅವರು ಎದ್ದಿಲ್ಲ. ಇಷ್ಟಕ್ಕ ಆರು ವರ್ಷ ಓದಿದ್ಯಾ?"

ಅಂದಿನಿಂದ ಓಣಿಯಲ್ಲಿ ಯಾರ ಬ್ರೌಸರ್ ಕೆಟ್ಟರೂ ಕಾಕಾ ವೈದ್ಯರು. ಅವರ ಚಿಕಿತ್ಸೆ ವಿಚಿತ್ರ. ವೈಫೈ ಡಬ್ಬಿ ಬಂದ್ ಮಾಡಿಸುವುದು, ಮಂದಿಯನ್ನು ಪರಶಿಕಲ್ಲಿನ ಕಟ್ಟೆಯ ಮೇಲೆ ಕೂಡಿಸುವುದು, ದೂರದ ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ಪೂರ್ತಿ ಹಾದುಹೋಗುವತನಕ ಯಾರೂ ಮಾತಾಡಕೂಡದು. ಮಧ್ಯಾಹ್ನದ ಬಿಸಿಲು ಕಲ್ಲಿನ ಬಿಳಿ ಧೂಳಿನಲ್ಲಿ ತೇಲುತ್ತಿರುತ್ತದೆ. ಗಾಡಿಯ ಸದ್ದು ಸಣ್ಣಗಾಗುತ್ತ ಆಗುತ್ತ ಎಲ್ಲೋ ಕರಗಿಹೋಗುತ್ತದೆ. ಕೂತವರ ಕಣ್ಣು ಎಳೆಯುತ್ತಿರುತ್ತದೆ. ಆಗ ಕಾಕಾ ಎದ್ದು ಗುಂಡಿ ಒತ್ತುತ್ತಾರೆ.

"ಕಾಕಾ, ಅರ್ಧ ನಿಮಿಷ ಸಾಕ್ರಿ. ಗೂಡ್ಸ್ ಗಾಡಿಗೂ ಡಿಎನ್‌ಎಸ್‌ಗೂ ಏನ್ ಸಂಬಂಧ?" ಎಂದೆ ಒಮ್ಮೆ.

"ಸಂಬಂಧ ಇಲ್ಲೋ ತಮ್ಮಾ. ಆದ್ರ ತಡಿಯೂದು ಯಾರಿಗೆ ಬರ್ತದ ಈಗ?"

ಪ್ರತಿಸಲವೂ ತಾಣ ತೆರೆಯುತ್ತಿತ್ತು! ನನ್ನಂಥ ಸಂಶಯಾತ್ಮನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ?

ಆದರೆ ಅವರದೇ ಕಂಪ್ಯೂಟರಿನಲ್ಲಿ ಒಂದು ತಾಣ ಮಾತ್ರ ತೆರೆಯದಾಯಿತು. ಅದನ್ನು ಕಟ್ಟಿದವನು ನಾನು. ಕಾಕಾನ ಹೆಂಡತಿ, ನಮ್ಮ ಕಾಕಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ವಚನ ಹಾಡುತ್ತಿದ್ದಳು. ಹನ್ನೊಂದನ್ನು ನಾನು ಫೋನಿನಲ್ಲಿ ಹಿಡಿದಿಟ್ಟು, ಅವಳ ಹೆಸರಿನಲ್ಲೊಂದು ಪುಟ್ಟ ತಾಣ ಮಾಡಿ ಅದರಲ್ಲಿ ಹಾಕಿದ್ದೆ. ಆ ಫೋನು ಮುಂದೆ ನೀರಿಗೆ ಬಿದ್ದು ಹೋಯಿತು. ಅದಾದ ಮೇಲೆ ಕಾಕಿಯೂ ಹೋದಳು. ಅವಳ ದನಿ ಉಳಿದಿದ್ದರೆ ಆ ತಾಣದಲ್ಲಿ ಮಾತ್ರ. ದಿನಾ ಬೆಳಿಗ್ಗೆ ಚಹಾದ ಹೊತ್ತಿಗೆ ಕಾಕಾ ಅದನ್ನು ತೆರೆದು ಒಂದು ಹಾಡು ಕೇಳುತ್ತಿದ್ದರು.

ಬೇಸಿಗೆಯಲ್ಲಿ ನಾನು ಆ ತಾಣವನ್ನು ಬೇರೊಂದು ಸರ್ವರಿಗೆ ಸಾಗಿಸಿದ್ದೆ. ಹಳೆಯದನ್ನು ಅಳಿಸಿಯೂ ಬಿಟ್ಟಿದ್ದೆ. ಹನ್ನೊಂದೂ ಹಾಡು ಸಾಗಿಸಿದ್ದೆನೇ? ಸಾಗಿಸಿದೆನೆಂದೇ ನೆನಪು. ಆದರೆ ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಚಿತ್ತಾಪುರದಿಂದ ಸೇಡಂನ ನನ್ನ ಮನೆಗೆ ವಾಪಸ್ ಹೋಗಿ ನೋಡಿದ ಭೂಪ ನಾನು!

ಕಳೆದ ತಿಂಗಳು ಶಹಾಬಾದಿಗೆ ಹೋದಾಗ ಸಹಜವಾಗಿ ಕೇಳಿದೆ, "ಕಾಕಿ ಹಾಡು ಕೇಳ್ತೀರಿಲ್ಲೋ?"

"ಇಲ್ಲಪ್ಪಾ. ಭಾಳ ದಿನ ಆತು, ಆಕಿ ಬಾಗಿಲಾ ತೆಗೀವಲ್ಲಳು."

ಕಂಪ್ಯೂಟರು ಹಚ್ಚಿದೆ. ನೋಡಿದರೆ ಹೌದು, 'ತಲುಪಲಾಗುತ್ತಿಲ್ಲ.' ವೈಫೈ ಬಂದ್ ಮಾಡಿ ಮತ್ತೆ ಹಚ್ಚಿದೆ. ಬ್ರೌಸರಿನ ಹಳೆಯ ನೆನಪುಗಳನ್ನೆಲ್ಲ ಅಳಿಸಿದೆ. ಬೇರೆ ಬ್ರೌಸರ್ ಹಾಕಿದೆ. ಡಿಎನ್‌ಎಸ್ ಬದಲಿಸಿದೆ. ನಾಚಿಕೆ ಬಿಟ್ಟು ಒಂದು ಗೂಡ್ಸ್ ಗಾಡಿಯನ್ನೂ ಕಾದೆ! ಊಹೂಂ. ಕೊನೆಗೆ ನನ್ನ ಫೋನಿಗೆ ಅದೇ ವೈಫೈ ಹಚ್ಚಿ ನೋಡಿದರೆ ತಾಣ ತೆರೆಯಿತು. ಹನ್ನೊಂದೂ ಹಾಡು ಸಾಲಾಗಿ ಕೂತಿದ್ದವು.

"ಅದಾವ್ರಿ ಕಾಕಾ! ಹಚ್ಚಲ್ಯಾ?"

ಕಾಕಾ ಫೋನಿನ ಮೇಲೆ ಅಂಗೈ ಮುಚ್ಚಿದರು. "ತಡಿ. ಆಕಿ ಅಂಗಳತನಕ ಬಂದು ನಿಂತಾಳ. ಒಳಗ ಬರೋ ದಾರಿ ಬಂದ್ ಮಾಡಿದವ ಯಾಂವ, ಮೊದಲು ಅದು ಹುಡುಕು."

ದೋಷ ಈ ಕಂಪ್ಯೂಟರಿನೊಳಗೇ ಇದೆ ಎಂದಾಯಿತು. ಕಂಪ್ಯೂಟರಿನಲ್ಲಿ ಹೋಸ್ಟ್ಸ್ ಎಂಬ ಹಳೆಯ ಕಡತವೊಂದಿರುತ್ತದೆ. ಅದರಲ್ಲಿ ಯಾವುದೇ ತಾಣದ ಹೆಸರಿನ ಮುಂದೆ ಪತ್ತಾ ಬರೆದಿಟ್ಟರೆ ಬ್ರೌಸರ್ ಮತ್ತಾರನ್ನೂ ಕೇಳುವುದಿಲ್ಲ, ನೇರ ಅಲ್ಲಿಗೇ ಹೋಗುತ್ತದೆ.

"ಕಾಕಾ, ನೀವು ಏನರ ಬರದೀರೇನ್ರಿ ಇದರಾಗ?" ಎಂದು ದಬಾಯಿಸುತ್ತಲೇ ಕಡತ ತೆರೆದೆ. ಕಾಕಿಯ ತಾಣದ ಹೆಸರು, ಅದರ ಮುಂದೆ ಬೇಸಿಗೆಯಲ್ಲಿ ನಾನು ಅಳಿಸಿದ್ದ ಹಳೆಯ ಸರ್ವರಿನ ಪತ್ತಾ. ಕೆಳಗೆ ಒಂದು ಟಿಪ್ಪಣಿ: 'ಕಾಕಾ ಹೇಳಿದ್ದಕ್ಕೆ ನಾನೇ ಬರೆದದ್ದು. ತಾಣ ಬದಲಿಸಿದರೆ ಇದನ್ನು ಅಳಿಸಲು ಮರೆಯಬೇಡ.' ಅದರ ಕೆಳಗೆ ನನ್ನದೇ ಹೆಸರು!

ಕಾಕಾ ಕನ್ನಡಕ ಏರಿಸಿ ಓದಿದರು. "ಹೌದಲೇ, ನಾನೇ ಹೇಳಿದ್ದೆ. ಮನಿ ಹೆಣಮಗಳ ಪತ್ತಾ ಮಂದಿಗೆ ಯಾಕ ಕೇಳಬೇಕು, ಬರದಿಡು ಅಂತ."

"ಹಂಗಿದ್ರ ಇಷ್ಟು ದಿನ ನನಗ್ಯಾಕ ಫೋನ್ ಮಾಡಲಿಲ್ರಿ?"

ಅವರು ತಮ್ಮ ನೋಟುಪುಸ್ತಕ ತೆರೆದು ನನ್ನ ಮುಂದಿಟ್ಟರು. ಮನೆಯಲ್ಲಿ ಯಾರೂ ಸಿಗದಿದ್ದರೆ ಟಪಾಲಿನವರು ಲಕೋಟೆಯ ಮೇಲೆ ಷರಾ ಬರೆಯುತ್ತಾರಲ್ಲ, ಹಾಗೆ ಪ್ರತಿದಿನದ ತಾರೀಖಿನ ಮುಂದೆ ಗುಂಡಗಿನ ಅಕ್ಷರದಲ್ಲಿ: 'ಬಾಗಿಲು ಮುಚ್ಚಿತ್ತು. ನಾಳೆ ಮತ್ತೆ.' ಪುಟದ ಮೇಲೆ ಪುಟ. ಒಂದು ದಿನವೂ ಬಿಟ್ಟಿರಲಿಲ್ಲ.

ಆ ಸಾಲು ಅಳಿಸಿ ಮೊದಲನೆಯ ಹಾಡಿನ ಮೇಲೆ ಒತ್ತಿದೆ. ಹಾಡು ಬರಲಿಲ್ಲ. ಮೊದಲು ಪಾತ್ರೆಯ ಸದ್ದು, ಆಮೇಲೆ ಕಾಕಿ, ಎಂದಿನ ಗದರು ದನಿಯಲ್ಲಿ: "ಏನ್ರಿ, ಚಹಾ ಆರ್ಲಿಕತ್ತದ, ಬರ್ತೀರೋ ಇಲ್ಲೋ?"

ಈ ಗದ್ದಲವನ್ನು ಹಾಡು ತಾಣಕ್ಕೆ ಹಾಕುವಾಗಲೇ ಕತ್ತರಿಸಿ ತೆಗೆದಿದ್ದೆನೆಂದು ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ. ಮರೆತಿದ್ದೆ. ನನ್ನ ಬದುಕಿನಲ್ಲಿ ಮರೆವು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ!

"ಬಂದೆ," ಎಂದರು ಕಾಕಾ, ಮತ್ತು ಪಕ್ಕದಲ್ಲೇ ಆರಿಹೋಗಿದ್ದ ಚಹಾದ ಬಸಿಯನ್ನು ಎರಡೂ ಕೈಯಿಂದ ಎತ್ತಿಕೊಂಡರು.